ಗೋಡೆಯ ಮೇಲಿನ ಎರಡು ಬೆಸುಗೆ

ಗುರುವಾರ, ಬೆಳಗಿನ ಪಾಳಿಗೆ ಮುಂಚೆ

ಭಾವನವರಿಗೆ,

ನಮಸ್ಕಾರ. ಕ್ಷೇಮಸಮಾಚಾರದ ಸಾಲನ್ನು ಈ ಸಲ ಬಿಟ್ಟಿದ್ದೇನೆ. ನಿಮ್ಮ ಪತ್ರದಲ್ಲಿಯೂ ಅದು ಇರಲಿಲ್ಲ. ಮಾತಿಗೆ ಮಾತು ಬೆಳೆಯದಿರಲಿ ಎಂದು ಮೊದಲು ಸಂಗತಿಗಳನ್ನು ಕ್ರಮವಾಗಿ ಬರೆಯುತ್ತೇನೆ. ಇವುಗಳಲ್ಲಿ ಯಾವುದಾದರೂ ತಪ್ಪಾಗಿದ್ದರೆ ಅದರ ಸಂಖ್ಯೆಯನ್ನು ನಮೂದಿಸಿ ತಿದ್ದಿ ಕಳುಹಿಸಿ. ತಿದ್ದುವುದು ನಿಮಗೆ ಇಷ್ಟವಾದ ಕೆಲಸ.

೧. ನಿಮ್ಮ ಮಗಳು ನಮ್ಮ ಮನೆಯಲ್ಲಿದ್ದಾಳೆ. ತಾನಾಗಿಯೇ ಬಂದಳು. ನಾನು ಕರೆಸಿಕೊಳ್ಳಲಿಲ್ಲ, ಅಕ್ಕ ಕಳುಹಿಸಲಿಲ್ಲ. ಬಂದಾಗ ಅವಳ ಬಳಿ ಇದ್ದದ್ದು ಒಂದು ಬಟ್ಟೆಯ ಚೀಲ ಮತ್ತು ವೆಲ್ಡಿಂಗ್ ಮಾಡುವಾಗ ಹಾಕಿಕೊಳ್ಳುವ ಮುಖಕವಚ. ಕೈಗವಸು ಇರಲಿಲ್ಲ. ಅದನ್ನು ನೀವು ಎಲ್ಲರ ಎದುರಿಗೆ ಗುಜರಿ ಡಬ್ಬಕ್ಕೆ ಎಸೆದಿದ್ದಿರಿ.

೨. ನಾನು ಮೇಲ್ವಿಚಾರಕನಾಗಿರುವ ಎಕ್ಸ್‌ರೇ ಪರೀಕ್ಷಾಲಯದ ಹಿಂಭಾಗದಲ್ಲಿ ಬೆಸುಗೆಯ ಬೆಂಚು ಒಂದಿದೆ. ಅವಳು ಪ್ರತಿದಿನ ಅಲ್ಲಿ ಪೈಪಿಗೆ ಪೈಪು ಬೆಸೆದು ಅಭ್ಯಾಸ ಮಾಡುತ್ತಿದ್ದಾಳೆ. ಬಾಯ್ಲರ್ ಬೆಸುಗೆಗಾರರ ಅರ್ಹತಾ ಪರೀಕ್ಷೆ ಬರುವ ತಿಂಗಳು.

೩. ನಾನು ಅವಳಿಗೆ ಮೋಸ ಕಲಿಸಿದ್ದೇನೆ ಎಂದು ನೀವು ಬರೆದಿದ್ದೀರಿ. ಒಳ್ಳೆಯದಾಗಿ ಬಂದ ಬೆಸುಗೆಯನ್ನು ಮಾತ್ರ ಎಕ್ಸ್‌ರೇಗೆ ಕೊಡುವುದು, ಕೆಟ್ಟದ್ದನ್ನು ಮರೆಮಾಡುವುದು: ಇದು ಆರೋಪ. "ಚಂದ ಕಂಡ ದಿನ ಮಾತ್ರ ಫೋಟೋ ತೆಗೆಸಿಕೊಳ್ಳುವ ಹುಡುಗಿ" ಎಂಬುದು ನಿಮ್ಮದೇ ವಾಕ್ಯ. 'ಮೋಸ' ಎಂಬ ಶಬ್ದವನ್ನು ಹಾಗೆಯೇ ಇಟ್ಟುಕೊಂಡಿರುತ್ತೇನೆ, ಮುಂದೆ ಬೇಕಾಗುತ್ತದೆ.

೪. ಅವಳು ಈ ಕೆಲಸಕ್ಕೆ ತಕ್ಕವಳಲ್ಲ ಎಂದು ನಾನು ಪರೀಕ್ಷಾಲಯದ ಕಡೆಯಿಂದ ಬರೆದು ಸಹಿ ಮಾಡಬೇಕು, ಆಮೇಲೆ ನೀವು ಅವಳನ್ನು ಉಗ್ರಾಣದ ಮೇಜಿಗೆ ಕೂರಿಸುತ್ತೀರಿ. ಹಾಗೆ ಮಾಡದಿದ್ದರೆ ನಾನು ನಿಮ್ಮ ಮನೆಯ ಹೊಸಿಲು ತುಳಿಯಬಾರದು, ನನ್ನ ಅಕ್ಕನ ಮುಖ ನೋಡಬಾರದು. ಇದು ನಿಮ್ಮ ಷರತ್ತು.

೫. ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದ್ದೀರಿ: "ಶೆಡ್ಡಿನ ಗೋಡೆಯ ಮೇಲಿರುವ ಆ ಮೂರು ಕೆಂಪು ವೃತ್ತಗಳಿಗೆ ಅವಳ ಹತ್ತಿರ ಏನು ಉತ್ತರ ಇದೆ, ಕೇಳು." ಕೇಳಿದ್ದೇನೆ. ಉತ್ತರ ಇದೆ. ಅದನ್ನು ಎಲ್ಲಿ ಬರೆಯಬೇಕೋ ಅಲ್ಲಿ ಬರೆಯುತ್ತೇನೆ.

ಈಗ ಮೂರನೆಯ ಸಂಗತಿಗೆ ಬರುತ್ತೇನೆ.

ನಿಮ್ಮ ತರಬೇತಿ ಶೆಡ್ಡಿನ ಬೆಸುಗೆಗಳು ಅನೇಕ ವರ್ಷಗಳಿಂದ ನಮ್ಮಲ್ಲಿಗೆ ಬರುತ್ತಿವೆ. ನಾನು ಅವುಗಳನ್ನು ಫಿಲ್ಮಿಗೆ ಹಿಡಿದು, ಬೆಳಕಿನ ಪೆಟ್ಟಿಗೆಯ ಮೇಲೆ ಹರಡಿ, ಒಳಗೆ ಗುಳ್ಳೆ ಇದೆಯೇ, ಕಿಟ್ಟ ಸಿಕ್ಕಿಕೊಂಡಿದೆಯೇ, ಲೋಹ ಬೆಸೆದುಕೊಳ್ಳದೆ ಗೆರೆ ಉಳಿದಿದೆಯೇ ಎಂದು ಓದುತ್ತೇನೆ. ಅಂದರೆ ಬೇರೆಯವರ ತಪ್ಪುಗಳನ್ನು ನೋಡುವುದೇ ನನ್ನ ವೃತ್ತಿ. ಒಂದು ವಿಷಯವನ್ನು ನೀವೂ ಬಲ್ಲಿರಿ. ದೋಷವುಳ್ಳ ಬೆಸುಗೆಯಲ್ಲಿ ಕಪ್ಪು ಚುಕ್ಕೆ ಕಾಣುತ್ತದೆ, ಕಪ್ಪು ಗೆರೆ ಕಾಣುತ್ತದೆ, ಸುತ್ತಲೂ ವೃತ್ತ ಎಳೆಯಬಹುದು, ಬೈಯಬಹುದು. ಒಳ್ಳೆಯ ಬೆಸುಗೆಯಲ್ಲಿ ಏನೂ ಕಾಣುವುದಿಲ್ಲ. ನಸುಬಿಳುಪಿನ ಒಂದು ಪಟ್ಟಿ, ಅಷ್ಟೆ. ಅದರ ಸುತ್ತ ಯಾರೂ ವೃತ್ತ ಎಳೆಯುವುದಿಲ್ಲ. ಆದ್ದರಿಂದ ನನ್ನಂಥವನೂ ನಿಮ್ಮಂಥವರೂ ಒಂದು ಇಡೀ ಆಯುಷ್ಯವನ್ನು ಶಿಷ್ಯರಿಗೆ 'ಇಲ್ಲಿ ಕೆಟ್ಟಿದೆ' ಎಂದು ತೋರಿಸುತ್ತಲೇ ಕಳೆಯಬಹುದು, ಮತ್ತು ಅದನ್ನೇ ಪಾಠ ಎಂದು ತಿಳಿಯಬಹುದು.

ಶೆಡ್ಡಿನ ಕಲಿಕೆಗಾರರಿಗೆ ಫಿಲ್ಮುಗಳ ಮಿತಿ ಇದೆ. ಯಾವ ಬೆಸುಗೆಯನ್ನು ಎಕ್ಸ್‌ರೇಗೆ ಕಳುಹಿಸಬೇಕು ಎಂಬುದನ್ನು ಮೊದಲಿನಿಂದಲೂ ನೀವು ಆರಿಸುತ್ತಿದ್ದಿರಿ, ನೋಡಿದ ಕೂಡಲೆ ಕೆಟ್ಟದ್ದೆಂದು ತಿಳಿಯುವಂಥದ್ದನ್ನೇ ಆರಿಸುತ್ತಿದ್ದಿರಿ. ಕಳೆದ ವರ್ಷ ನಾನು ಒಂದು ಸಲಹೆ ಕೊಟ್ಟೆ: ಕಲಿಯುವವರೇ ಆರಿಸಲಿ. ನೀವು ಆ ದಿನ ನಕ್ಕಿರಿ. "ಆಗಲಿ ಬಿಡು, ನಿನ್ನ ಮಾತೂ ಒಂದು ನಡೀಲಿ" ಎಂದಿರಿ. ಉಳಿದ ಹುಡುಗರು ಆ ಸ್ವಾತಂತ್ರ್ಯವನ್ನು ಪುನಃ ನಿಮಗೇ ಒಪ್ಪಿಸಿದರು. ನಿಮ್ಮ ಮುಖ ನೋಡಿ, ನೀವು ಯಾವುದಕ್ಕೆ ತಲೆಯಾಡಿಸಿದಿರೋ ಅದನ್ನು ಕಳುಹಿಸಿದರು. ನಿಮ್ಮ ಮಗಳೊಬ್ಬಳು ಮಾತ್ರ ನಿಜವಾಗಿ ಆರಿಸಿದಳು. ನೀವು ಅವಳನ್ನು ಚಿಕ್ಕಂದಿನಿಂದ 'ಮೊಂಡಿ' ಎಂದು ಕರೆಯುತ್ತ ಬಂದಿದ್ದೀರಿ. ಹೆಸರಿಗೆ ತಕ್ಕಂತೆ ನಡೆದುಕೊಂಡದ್ದಕ್ಕೆ ಈಗ ಅವಳ ಮೇಲೆ ಸಿಟ್ಟಾಗುವುದು ನ್ಯಾಯವಲ್ಲ.

ಅವಳು ಒಳ್ಳೆಯದೆನ್ನಿಸಿದ್ದನ್ನು ಮಾತ್ರ ಕಳುಹಿಸುತ್ತಿದ್ದಾಳೆ ಎಂಬುದು ನನ್ನ ಗಮನಕ್ಕೂ ಬಂದಿತ್ತು. ಇಲ್ಲಿಗೆ ಬಂದ ಮೊದಲ ವಾರದಲ್ಲಿಯೇ ಕಾರಣ ಕೇಳಿದೆ. ಬೆಂಚಿನ ಮೇಲೆ ಕಾಲು ಇಳಿಬಿಟ್ಟು ಕೂತು, ತಂತಿಯ ಬ್ರಷ್ಷಿನಿಂದ ಪೈಪು ಉಜ್ಜುತ್ತಲೇ, ನಾನೊಬ್ಬ ದಡ್ಡ ಹುಡುಗನೆಂಬಂತೆ ಹೇಳಿದಳು. ಅವಳ ಮಾತನ್ನು ಹಾಗೆಯೇ ಬರೆಯುತ್ತೇನೆ: "ಕೆಟ್ಟದ್ದು ಕೆಟ್ಟದ್ದು ಅಂತ ಗೊತ್ತಾಗೋಕೆ ಎಕ್ಸ್‌ರೇ ಯಾಕೆ ಮಾವ? ಕೈಗೇ ಗೊತ್ತಾಗುತ್ತೆ, ಕಿವಿಗೂ ಗೊತ್ತಾಗುತ್ತೆ. ಚೆನ್ನಾಗಿ ಬಂತು ಅನ್ನಿಸಿದ್ದು ನಿಜವಾಗ್ಲೂ ಚೆನ್ನಾಗಿದ್ಯಾ, ಅದೊಂದೇ ನಂಗೆ ಗೊತ್ತಾಗಲ್ಲ. ಅದಕ್ಕೇ ಕೇಳ್ತೀನಿ."

ನಾನು ಬೆಂಚಿನ ಕೆಳಗೆ ಬಗ್ಗಿ ನೋಡಿದೆ. ಅವಳು ಮರೆಮಾಡುತ್ತಾಳೆಂದು ನೀವು ಹೇಳುವ ಕೆಟ್ಟ ಬೆಸುಗೆಗಳು ಬೆಂಚಿನ ಕೆಳಗೆ ಸಾಲಾಗಿ ಇವೆ. ಒಂದೊಂದನ್ನೂ ತಾನೇ ಗರಗಸದಲ್ಲಿ ಅಡ್ಡಲಾಗಿ ಕೊಯ್ದು, ಒಳಗಿನ ಹುಳುಕನ್ನು ಬೆರಳಲ್ಲಿ ಮುಟ್ಟಿ ನೋಡಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ ಇಟ್ಟಿದ್ದಾಳೆ. ಮೋಸಗಾರರು ಸಾಮಾನ್ಯವಾಗಿ ಇಷ್ಟು ಶ್ರಮ ಪಡುವುದಿಲ್ಲ.

ಇಲ್ಲಿನ ಏರ್ಪಾಡು ಹೀಗಿದೆ. ಬೆಂಚಿನ ಪಕ್ಕದಲ್ಲಿ ಕರೆಗಂಟೆಯ ಗುಂಡಿ ಇದೆ. ಫಿಲ್ಮ್ ಬೇಕೆನ್ನಿಸಿದಾಗ ಅವಳು ಅದನ್ನು ಒತ್ತುತ್ತಾಳೆ. ಒತ್ತದ ಹೊರತು ನಾನು ಹಿಂದಿನ ಕೋಣೆಗೆ ಹೋಗುವುದಿಲ್ಲ. ನನಗೆ ಹೇಳಲು ಏನಾದರೂ ಇದ್ದರೆ ಅದನ್ನು ನುಂಗಿಕೊಳ್ಳುತ್ತೇನೆ. ಈ ಅಭ್ಯಾಸ ನಿಮ್ಮ ಮನೆಯ ಭಾವ-ಮೈದುನರ ಮಾತುಕತೆಗಳಲ್ಲಿ ನನಗೆ ಚೆನ್ನಾಗಿ ಆಗಿದೆ. ಅವಳಿಗೆ ನಾನು ಹಾಕಿದ ನಿಯಮ ಒಂದೇ. ಫಿಲ್ಮ್ ತೊಳೆಯುವ ಮುಂಚೆ ಅದರಲ್ಲಿ ಏನು ಕಾಣುತ್ತದೆಂದು ಅವಳು ಹೇಳಬೇಕು. ಮೊದಮೊದಲು ಹೇಳಿದ್ದಕ್ಕೂ ಕಂಡದ್ದಕ್ಕೂ ಸಂಬಂಧ ಇರುತ್ತಿರಲಿಲ್ಲ. ಈಗ "ಶುರುವಿನಲ್ಲಿ ಸಣ್ಣದೊಂದು ಗುಳ್ಳೆ, ಮಿಕ್ಕಿದ್ದು ಬೆಣ್ಣೆ" ಎನ್ನುತ್ತಾಳೆ, ಫಿಲ್ಮು ಅದನ್ನೇ ಹೇಳುತ್ತದೆ. ಒಮ್ಮೆ ಫಿಲ್ಮಿನಲ್ಲಿ ಏನೂ ಇಲ್ಲ ಎಂದು ನಾನು ಹೇಳಿದಾಗ, ಮರುಪರೀಕ್ಷೆ ಮಾಡೆಂದು ವಾದಕ್ಕೆ ನಿಂತಳು. ಭೂತಗನ್ನಡಿ ಹಿಡಿದು ನೋಡಿದೆ. ಸಾಸಿವೆಗಿಂತ ಸಣ್ಣ ಗುಳ್ಳೆ ಇತ್ತು. ಆ ದಿನ ಊಟಕ್ಕೆ ಕೂತಾಗ ಅವಳು ನನ್ನ ಹೆಂಡತಿಗೆ ಹೇಳಿದ್ದು, "ಅತ್ತೆ, ಮಾವಂಗೆ ಇನ್ನೊಂದು ಚೂರು ಬಡಿಸಿ. ಇವತ್ತು ಸೋತಿದ್ದಾರೆ."

ನಾನು ಯಾವುದನ್ನೂ ಒಂದೇ ಕಡೆಯಿಂದ ನೋಡಿ ಒಪ್ಪುವವನಲ್ಲವಾದ್ದರಿಂದ ನಿಮ್ಮ ಪದ್ಧತಿಯನ್ನೂ ಪರೀಕ್ಷಿಸಿದೆ. ಒಂದು ವಾರ ಕರೆಗಂಟೆಯ ತಂತಿ ಬಿಚ್ಚಿದೆ. ಹಿಂದಿನ ವಾರ ಅವಳು ಕೇಳಿದ್ದಷ್ಟೇ ಫಿಲ್ಮು ಕೊಟ್ಟೆ, ಒಂದೂ ಕಡಿಮೆಯಿಲ್ಲ. ವ್ಯತ್ಯಾಸ ಒಂದೇ: ಯಾವ ಬೆಸುಗೆಗೆ ಎಂಬುದನ್ನು ನಾನು ತೀರ್ಮಾನಿಸಿದೆ. ಅದೇ ಬೆಂಚು, ಅದೇ ಪೈಪು, ಅದೇ ಕೈ. ವಾರದ ಮಧ್ಯಕ್ಕೆ ಬರುವಷ್ಟರಲ್ಲಿ ಬೆಸುಗೆಗೆ ತೂಕಡಿಕೆ ಬಂದಂತಾಯಿತು. ಬ್ರಷ್ಷಿನಲ್ಲಿ ಉಜ್ಜುವುದನ್ನು ಬಿಟ್ಟಳು, ಗರಗಸ ಮುಟ್ಟಲಿಲ್ಲ, ಫಿಲ್ಮಿನಲ್ಲಿ ಏನು ಕಾಣುತ್ತದೆ ಎಂದು ಕೇಳಿದರೆ "ನೀನೇ ನೋಡ್ಕೋ, ನೀನೇ ತಾನೇ ತೆಗೆಸಿದ್ದು" ಎಂದಳು. ಶನಿವಾರ ಬೆಂಚಿನಿಂದ ಇಳಿದು ಬಂದು ನನ್ನ ಮೇಜಿನ ಮುಂದೆ ನಿಂತು ಹೇಳಿದಳು: "ಮಾವ, ಈ ವಾರ ನಾನು ವೆಲ್ಡಿಂಗ್ ಮಾಡಿಲ್ಲ. ನೀನು ಎಕ್ಸ್‌ರೇ ತೆಗೆದಿದೀಯ, ನಾನು ಪೈಪು ಹಿಡ್ಕೊಂಡಿದೀನಿ, ಅಷ್ಟೆ." ಸೋಮವಾರ ತಂತಿ ಮತ್ತೆ ಜೋಡಿಸಿದೆ. ನಾನು ಬೆರಳು ತೆಗೆಯುವ ಮುಂಚೆಯೇ ಗುಂಡಿ ಒತ್ತಿದಳು.

ನಿಮ್ಮ ವಾದವನ್ನು ನಾನು ಊಹಿಸಬಲ್ಲೆ. ಇವೆಲ್ಲ ಮುದ್ದಿನಿಂದ ಕೆಡಿಸುವ ಮಾತುಗಳು, ಗುರು ಎಂದ ಮೇಲೆ ತಪ್ಪು ಕಂಡಲ್ಲಿ ಹೇಳಲೇಬೇಕು, ಕೈಗೆ ಬುದ್ಧಿ ಬರುವುದು ಹೆದರಿಕೆಯಿಂದ. ಹೆದರಿಕೆಯಿಂದ ಏನು ಬಂತೆಂಬುದನ್ನು ಅವಳೇ ವಿವರಿಸಿದ್ದಾಳೆ. ಬೆಸುಗೆ ಹತ್ತಿದಾಗ ಏಳುವ ಸದ್ದನ್ನು ಕೇಳಿ ಕೈಯ ವೇಗ ಸರಿಪಡಿಸಿಕೊಳ್ಳುವುದನ್ನು ಅವಳಿಗೆ ಕಲಿಸಿದವರು ನೀವೇ. ಎಣ್ಣೆಯಲ್ಲಿ ಕರಿಯುವಂತೆ ಸಮನಾಗಿ ಚಿಟಪಟ ಎನ್ನುತ್ತಿರಬೇಕು, ಸದ್ದು ಬದಲಾದರೆ ಕೈ ಬದಲಾಗಿದೆ ಎಂದರ್ಥ. ಇದು ನೀವು ಅವಳಿಗೆ ಕೊಟ್ಟ ಅತ್ಯುತ್ತಮ ಪಾಠ, ನಾನು ಒಪ್ಪುತ್ತೇನೆ. ಆಮೇಲೆ ಕೆಂಪು ವೃತ್ತಗಳ ಆ ಗೋಡೆಯ ಪ್ರಸಂಗ ನಡೆಯಿತು (ಅದಕ್ಕೆ ಮುಂದೆ ಬರುತ್ತೇನೆ), ನೀವು ಅವಳ ಪಕ್ಕದಲ್ಲಿ ಸೀಟಿ ಹಿಡಿದು ನಿಲ್ಲತೊಡಗಿದಿರಿ. ಕೈ ತಪ್ಪಿದಾಗ ಸೀಟಿ. ನಿಂತಾಗ ಸೀಟಿ. ನಿಮ್ಮ ಗಂಟಲಿಗೆ ಸೀಟಿಯ ಅಗತ್ಯ ಇರಲಿಲ್ಲ ಎಂಬುದು ಬೇರೆ ಮಾತು. ಅವಳು ಮಾಡಿದ ಪ್ರತಿಯೊಂದು ಬೆಸುಗೆಯೂ ಎಕ್ಸ್‌ರೇಗೆ ಹೋಗಬೇಕು, ಪ್ರತಿಯೊಂದು ಫಿಲ್ಮೂ ಕೆಂಪು ಶಾಯಿಯಲ್ಲಿ ಮಿಂದು ಬರಬೇಕು. "ಕಿವಿ ಸೀಟಿಗೇ ಕಾಯ್ತಾ ಇದ್ರೆ ಕೈ ಯಾರ ಮಾತು ಕೇಳ್ಬೇಕು ಮಾವ?" ಎಂದು ಕೇಳಿದಳು. ಈ ಪ್ರಶ್ನೆಯನ್ನು ನಿಮಗೆ ರವಾನಿಸುತ್ತಿದ್ದೇನೆ.

ಈಗ ಆ 'ಮೋಸ' ಎಂಬ ಶಬ್ದ.

ನಿಮ್ಮ ಮದುವೆಯಾದ ಹೊಸತರಲ್ಲಿ ನಮ್ಮ ಮನೆಯ ಜಗಲಿಯ ಮೇಲೆ ಕೂತು ನೀವು ಒಂದು ಕಥೆ ಹೇಳುತ್ತಿದ್ದಿರಿ. ನಾನಾಗ ಓದುವ ಹುಡುಗ. ಬಾಯಿ ತೆರೆದುಕೊಂಡು ಕೇಳುತ್ತಿದ್ದೆ. ನೀವು ಎಡಚರು. ನೀವು ಕಲಿಯಲು ಸೇರಿದ ಕಾರ್ಖಾನೆಯ ಮೇಸ್ತ್ರಿಗೆ ಎಡಗೈ ಕಂಡರಾಗುತ್ತಿರಲಿಲ್ಲ. ಬೆಸುಗೆಯ ಕಡ್ಡಿ ಸಿಕ್ಕಿಸುವ ಹೋಲ್ಡರನ್ನು ಬಲಗೈಯಲ್ಲಿ ಹಿಡಿಯೆಂದು ಗೆಣ್ಣಿಗೆ ಹೊಡೆದ, ಆಮೇಲೆ ಬೇಸತ್ತು ಮೂಲೆಗೆ ತಳ್ಳಿದ. ಆ ಮೂಲೆಯಲ್ಲಿ ನಿಮ್ಮನ್ನು ಕೇಳುವವರಿರಲಿಲ್ಲ. ಊಟದ ಬಿಡುವಿನಲ್ಲಿ ತುಂಡು ತಗಡುಗಳನ್ನು ಹೆಕ್ಕಿ, ಎಡಗೈಯಲ್ಲಿ, ನಿಮಗೆ ಬೇಕಾದಾಗ, ಬೇಕಾದಷ್ಟು, ಬೇಕಾದ ಹಾಗೆ ಬೆಸೆದಿರಿ. ಮಿಕ್ಕವರು ಮನೆಗೆ ಬಿಡುವ ಗಂಟೆ ಬಾರಿಸುವುದನ್ನು ಕಾಯುತ್ತಿದ್ದರೆ ನೀವು ಅದು ಬಾರಿಸದಿರಲಿ ಎಂದು ಕಾಯುತ್ತಿದ್ದಿರಿ. ಆ ಕಥೆಯಲ್ಲಿ ನೀವು ತೊಡೆ ತಟ್ಟಿ ನಗುತ್ತ ಹೇಳುತ್ತಿದ್ದ ಒಂದು ಸಾಲನ್ನು ನಾನು ಮರೆತಿಲ್ಲ: "ಚೆನ್ನಾಗಿ ಬಂದಿದ್ದನ್ನ ಮಾತ್ರ ಮೇಸ್ತ್ರಿ ಮೂಗಿನ ಕೆಳಗೆ ಹಿಡೀತಿದ್ದೆ ಕಣೋ. ಕೆಟ್ಟಿದ್ದನ್ನ ಕಾಂಪೌಂಡಿನಾಚೆ ಎಸೀತಿದ್ದೆ. ಅವನಿಗ್ಯಾಕೆ ಅದು? ಅದು ನಂದು!"

ಅಕ್ಕನೂ ಈ ಕಥೆಯನ್ನು ಕೇಳಿದ್ದಾಳೆ. ನಿಮ್ಮ ಮಗಳು ಇದನ್ನು ಕೇಳಿಯೇ ಬೆಳೆದಿದ್ದಾಳೆ. ಹೀಗಿರುವಾಗ ಅವಳಿಗೆ ಮೋಸ ಕಲಿಸಿದವನು ನಾನೇ ಎಂದು ನೀವು ಬರೆದದ್ದು ನನಗೆ ಸ್ವಲ್ಪ ಹೆಚ್ಚಿನ ಗೌರವ ಕೊಟ್ಟಂತಾಯಿತು.

ನಿಮ್ಮನ್ನು ಮೂಲೆಗೆ ತಳ್ಳಿದ ಮೇಸ್ತ್ರಿ ನಿಮಗೆ ಉಪಕಾರ ಮಾಡಿದ. ನೀವು ನಿಮ್ಮ ಮಗಳಿಗೆ ಅಷ್ಟೂ ಉಪಕಾರ ಮಾಡಲಿಲ್ಲ. ಅವಳಿಗೆ ಒಂದು ಮೂಲೆಯನ್ನೂ ಬಿಡಲಿಲ್ಲ.

ಗೋಡೆಯ ಪ್ರಸಂಗವನ್ನು ನೀವು ನಿಮ್ಮ ಪತ್ರದಲ್ಲಿ ಹೆಮ್ಮೆಯಿಂದ ವರ್ಣಿಸಿರುವುದರಿಂದ ನಿಮ್ಮ ಮಾತುಗಳಲ್ಲಿಯೇ ಇಲ್ಲಿ ಇಡುತ್ತೇನೆ. ಪೈಪನ್ನು ನೆಟ್ಟಗೆ ನಿಲ್ಲಿಸಿ ಸುತ್ತಲೂ ಬೆಸೆಯುವ ಪಾಠ. ಅವಳು ಅರ್ಧ ಸುತ್ತು ಮುಗಿಸಿದ್ದಳು. ಕೈ ನಿಧಾನ ಎಂದು ನೀವು ಹೋಲ್ಡರನ್ನು ಅವಳ ಕೈಯಿಂದ ಕಿತ್ತುಕೊಂಡು, ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು, ಉಳಿದರ್ಧವನ್ನು ಮಾಡಿ ತೋರಿಸಿದಿರಿ. ಪೈಪು ನಮ್ಮಲ್ಲಿಗೆ ಬಂತು. ಎರಡು ಅರ್ಧಕ್ಕೆ ಎರಡು ಫಿಲ್ಮು. ಒಂದು ಶುದ್ಧವಾಗಿತ್ತು, ಇನ್ನೊಂದರಲ್ಲಿ ಮೂರು ದೋಷಗಳಿದ್ದವು. ನೀವು ಆ ಮೂರಕ್ಕೆ ಕೆಂಪು ವೃತ್ತ ಎಳೆದು, ಎರಡನ್ನೂ ಕಿಟಕಿಯ ಪಕ್ಕ ಬೆಳಕು ಬೀಳುವಲ್ಲಿ ಅಂಟಿಸಿ, ಕೆಳಗೆ ಚೀಟಿ ಬರೆದಿರಿ. ಶುದ್ಧವಾದದ್ದಕ್ಕೆ 'ಗುರುವಿನ ಕೈ'. ವೃತ್ತಗಳಿದ್ದದ್ದಕ್ಕೆ 'ಶಿಷ್ಯೆಯ ಕೈ'. ಆಮೇಲೆ ಇಡೀ ಶೆಡ್ಡನ್ನು ಸಾಲಾಗಿ ಕರೆದು ತೋರಿಸಿದಿರಿ.

ಮೂರು ದಿನ ಅವಳು ಆ ಗೋಡೆಯ ಮುಂದೆ ಕೆಲಸ ಮಾಡಿದಳು. ನಾಲ್ಕನೆಯ ದಿನ ಸೀಟಿಗೆ ಬೆನ್ನು ತಿರುಗಿಸಿ ನಿಂತಳು ಎಂದು ನೀವು ಕೈಗವಸು ಕಿತ್ತು ಎಸೆದಿರಿ. ಅವಳು ಬಸ್ಸು ಹತ್ತಿದಳು.

ಅಕ್ಕ ಫೋನು ಮಾಡುತ್ತಿರುತ್ತಾಳೆ. ಮೊದಲ ದಿನವೇ ಹೇಳಿದಳು: "ನೀವಿಬ್ಬರೂ ಗಂಡಸರು ನಿಮ್ಮ ನಿಮ್ಮ ಮೀಸೆ ಹಿಡಿದುಕೊಂಡು ಕೂತಿರಿ, ನನ್ನ ಮಗಳು ಸರಿಯಾಗಿ ಉಂಡಳಾ ಅಷ್ಟು ಹೇಳು." ನನಗೆ ಮೀಸೆ ಇಲ್ಲ ಎಂದೆ. ನಿಮ್ಮ ಬಗ್ಗೆಯೂ ಒಂದಿಷ್ಟು ಹೇಳಿದಳು, ನಾನು ಕೇಳದಿದ್ದರೂ. ಉಗ್ರಾಣದವನು ಕೊಟ್ಟ ಕಪ್ಪುಗಾಜು ಸರಿಯಿಲ್ಲ ಎಂದು ಮುಖಕವಚದ ಗಾಜನ್ನು ನೀವು ಮತ್ತೆ ಮತ್ತೆ ಬದಲಾಯಿಸಿ, ಅವನೊಂದಿಗೆ ಜಗಳವಾಡಿ ಬಂದಿದ್ದೀರಂತೆ. ಪೇಪರ್ ಓದಲು ಬೆಳಕು ಸಾಲದೆಂದು ಕೋಣೆಗೆ ಇನ್ನೊಂದು ಬಲ್ಬು ಹಾಕಿಸಿದ್ದೀರಂತೆ. ಮಗಳ ಕೋಣೆಯ ಬಾಗಿಲನ್ನು ಮುಚ್ಚಿ, ಚಿಲಕ ಹಾಕಿ, ಆ ಕಡೆ ಹೋಗುವುದಿಲ್ಲವಂತೆ. "ಅವರ ಕೋಪ ಇಳಿಯುತ್ತೆ, ನೀನು ಒಂದು ಮಾತು ಸೋತುಬಿಡು" ಎಂದಳು. ಅಕ್ಕನಿಗೋಸ್ಕರ ನಾನು ಅನೇಕ ಸಲ ಸೋತಿದ್ದೇನೆ. ಇದು ನಾನು ಸೋತರೆ ಮುಗಿಯುವ ವಿಷಯವಲ್ಲ; ಸೋಲುವವಳು ನಿಮ್ಮ ಮಗಳು.

ಹೊಸಿಲಿನ ಮಾತು. ಅದು ನಿಮ್ಮ ಮನೆ, ನಿಮ್ಮ ಹೊಸಿಲು. ಅಕ್ಕ ಮಾತ್ರ ನಿಮಗಿಂತ ಮುಂಚೆ ನನ್ನ ಅಕ್ಕ. ಅವಳ ಮುಖ ನೋಡಲು ಅಪ್ಪಣೆ ಕೊಡುವ ಅಧಿಕಾರವನ್ನು ಮದುವೆಯ ದಿನ ನಾವು ಯಾರೂ ನಿಮಗೆ ಬರೆದುಕೊಟ್ಟಂತೆ ನೆನಪಿಲ್ಲ.

ನಾನು ತೀರ್ಮಾನಿಸಿರುವುದನ್ನು ಬರೆಯುತ್ತೇನೆ. ಅವಳು ತಕ್ಕವಳಲ್ಲ ಎಂಬ ಪತ್ರಕ್ಕೆ ನಾನು ಸಹಿ ಮಾಡುವುದಿಲ್ಲ. ಶೆಡ್ಡಿನ ಪಟ್ಟಿಯಿಂದ ನೀವು ಅವಳ ಹೆಸರು ಹೊಡೆದುಹಾಕಿದರೂ ಅವಳು ಪರೀಕ್ಷೆಗೆ ಕೂರುತ್ತಾಳೆ. ಹೊರಗಿನ ಅಭ್ಯರ್ಥಿಯಾಗಿ ಅವಳ ಅರ್ಜಿಯನ್ನು ನಮ್ಮ ಪರೀಕ್ಷಾಲಯದ ಮೂಲಕ ನಿನ್ನೆ ಕಳುಹಿಸಿದ್ದೇನೆ. ಅವಳ ಪರೀಕ್ಷೆಯ ಫಿಲ್ಮುಗಳನ್ನು ನಾನು ಓದುವುದಿಲ್ಲ, ಮುಟ್ಟುವುದೂ ಇಲ್ಲ. ಬೇರೊಬ್ಬರು ಓದಬೇಕೆಂದು ಬರೆದುಕೊಟ್ಟಿದ್ದೇನೆ. ನೀವು ನಾಳೆ ಅದನ್ನೂ ಮೋಸ ಎಂದು ಕರೆಯಬಾರದು. ಮನೆಗೆ ಯಾವಾಗ ಬರಬೇಕೆಂಬುದನ್ನು ಅವಳು ತೀರ್ಮಾನಿಸುತ್ತಾಳೆ. ನಾನು ಕಳುಹಿಸುವುದಿಲ್ಲ, ತಡೆಯುವುದೂ ಇಲ್ಲ. ಇಲ್ಲಿಯವರೆಗೆ ಪರೀಕ್ಷಾಲಯದ ಎರವಲು ಕೈಗವಸಿನಲ್ಲೇ ಬೆಸೆಯುತ್ತಿದ್ದಾಳೆಂದು ಅವಳಿಗೆ ಹೊಸದನ್ನು ಕೊಡಿಸಲು ಹೋಗಿದ್ದೆ. ಬೇಡ ಎಂದಳು. ಗುಜರಿ ಡಬ್ಬದಿಂದ ಅಕ್ಕ ಹಳೆಯದನ್ನು ಎತ್ತಿಟ್ಟಿದ್ದಾಳಂತೆ, ಅದೇ ಬೇಕಂತೆ.

ಇತಿ,
ನಿಮ್ಮ ಹೆಂಡತಿಯ ತಮ್ಮ

ತಾ.ಕ.: ಐದನೆಯ ಸಂಗತಿ ಉಳಿದಿದೆ. ಮೂರು ಕೆಂಪು ವೃತ್ತಗಳಿಗೆ ಅವಳ ಉತ್ತರ.

ಮೊನ್ನೆ ನಿಮ್ಮ ಪತ್ರ ಬಂದಾಗ ಅವಳಿಗೆ ಆ ಸಾಲನ್ನು ಓದಿ ಹೇಳಿದೆ. ಎರಡು ಸಲ ಓದಿಸಿದಳು. "ಅಪ್ಪ ನಿಜವಾಗ್ಲೂ 'ಕೇಳು' ಅಂತ ಬರೆದಿದಾರಾ?" ಎಂದಳು. ಹೌದೆಂದೆ. ಆಗ ಹೇಳಿದಳು: "ಹಾಗಾದ್ರೆ ಹೇಳು ಮಾವ. ಕೇಳದೇ ಇದ್ದಿದ್ರೆ ಹೇಳೋದು ಬೇಡ ಅಂತಿದ್ದೆ. ಅದು ಅಪ್ಪನ ಕೈ."

ನಾನು ತಕ್ಷಣ ನಂಬಲಿಲ್ಲ. ನಮ್ಮಲ್ಲಿ ಪ್ರತಿಯೊಂದಕ್ಕೂ ಜೋಡಿ ಫಿಲ್ಮ್ ತೆಗೆಯುತ್ತೇವೆ: ಒಂದು ನಿಮಗೆ ಬರುತ್ತದೆ, ಒಂದು ನನ್ನ ಕಪಾಟಿನಲ್ಲಿ ಉಳಿಯುತ್ತದೆ. ತೆಗೆದು ನೋಡಿದೆ. ಬೆಸುಗೆಯ ಮೇಲ್ಮೈಯಲ್ಲಿ ಕೈ ಸಾಗಿದ ದಿಕ್ಕನ್ನು ತೋರಿಸುವಂತೆ ಅಲೆಗಳು ಬಾಗಿರುತ್ತವೆ, ಹತ್ತಿರದಿಂದ ನೋಡಿದರೆ ಫಿಲ್ಮಿನಲ್ಲೂ ನಸುವಾಗಿ ಕಾಣುತ್ತವೆ. ನಿಂತ ಪೈಪಿನಲ್ಲಿ ಬಲಗೈಯವರ ಅಲೆ ಒಂದು ಕಡೆಗೆ, ಎಡಗೈಯವರದು ಅದಕ್ಕೆ ವಿರುದ್ಧ. ವೃತ್ತಗಳಿರುವ ಫಿಲ್ಮಿನ ಅಲೆಗಳು ಎಡಗೈಯವು. ನಿಮ್ಮ ಶೆಡ್ಡಿನಲ್ಲಿ ಎಡಗೈಯವರು ಒಬ್ಬರೇ. ಯಾವ ಅರ್ಧ ಯಾರದೆಂದು ಫಿಲ್ಮಿನ ಮೇಲೆ ಬರೆದಿರುವುದಿಲ್ಲ. ಕೆಟ್ಟದ್ದು ಅವಳದ್ದೇ ಆಗಿರಬೇಕು ಎಂದು ನೀವು ಮೊದಲೇ ತೀರ್ಮಾನಿಸಿಕೊಂಡಿದ್ದರಿಂದ ಅಲೆಯ ಕಡೆ ನೋಡಲಿಲ್ಲ. 'ಗುರುವಿನ ಕೈ' ಎಂಬ ಚೀಟಿಯ ಮೇಲಿರುವುದು ನಿಮ್ಮ ಮಗಳ ಬೆಸುಗೆ.

ಅವಳಿಗೆ ಮೊದಲ ಕ್ಷಣದಲ್ಲಿಯೇ ಗೊತ್ತಾಗಿತ್ತು. "ಎಲ್ಲರೂ ಸಾಲಾಗಿ ಬಂದು, ಅಬ್ಬಾ, ಗುರುಗಳ ಕೈ ಅಂದ್ರೆ ಕೈ ಅಂತಿದ್ರು. ನಂಗೆ ನಗು ತಡ್ಕೊಳ್ಳೋಕೇ ಆಗ್ಲಿಲ್ಲ ಮಾವ. ನನ್ನ ಕೆಲಸ ಒಳ್ಳೇದು ಅಂತ ಯಾರಾದ್ರೂ ಹೇಳಿದ್ದು ಅದೇ ಮೊದಲು" ಎಂದಳು. ಆಮೇಲೆ ನಗು ನಿಂತಿತು. ನೀವು ಫಿಲ್ಮಿನ ಹತ್ತಿರ ಮುಖವನ್ನು ತಂದು, ಕಣ್ಣು ಕಿರಿದು ಮಾಡಿ, ವೃತ್ತ ಎಳೆದದ್ದನ್ನು ಅವಳು ನೋಡುತ್ತಿದ್ದಳಂತೆ. ಇಡೀ ಶೆಡ್ಡಿನ ಮುಂದೆ ನಿಮ್ಮನ್ನು ತಪ್ಪಿತಸ್ಥರಾಗಿ ನಿಲ್ಲಿಸಲು ಅವಳಿಗೆ ಇಷ್ಟವಿರಲಿಲ್ಲ. ಅಲ್ಲಿಯೇ ಇದ್ದು, ಸೀಟಿ ಕೇಳುತ್ತ, ಬಾಯಿ ಮುಚ್ಚಿಕೊಂಡಿರಲು ಅವಳಿಂದ ಆಗುತ್ತಿರಲಿಲ್ಲ. ಬಸ್ಸು ಹತ್ತಿದ್ದು ಅದಕ್ಕೆ. ನೀವು ತಿಳಿದುಕೊಂಡಿರುವಂತೆ ನಾಚಿಕೆಯಿಂದ ಅಲ್ಲ.

ನಿಮ್ಮ ಪತ್ರದ ಅಕ್ಷರಗಳು ಹಿಂದಿನ ಪತ್ರಗಳಿಗಿಂತ ದೊಡ್ಡವಾಗಿವೆ. ಕೋಪಕ್ಕೆ ಎಂದುಕೊಂಡಿದ್ದೆ. ಗಾಜಿನ ದೋಷ ಉಗ್ರಾಣದವನದ್ದಲ್ಲ. ಕಣ್ಣಿನ ವೈದ್ಯರ ಬಳಿ ಹೋಗಿ ಬನ್ನಿ ಎಂದು ಹೇಳುವ ಸ್ಥಾನ ನನ್ನದಲ್ಲ, ಅಕ್ಕ ಹೇಳುತ್ತಾಳೆ.

ಈ ವಿಷಯವನ್ನು ನಾನು ಶೆಡ್ಡಿಗೆ ತಿಳಿಸುವುದಿಲ್ಲ. ಚೀಟಿಗಳನ್ನು ಅದಲುಬದಲು ಮಾಡುವುದು, ಹರಿದು ಹಾಕುವುದು, ಹಾಗೆಯೇ ಬಿಡುವುದು ನಿಮಗೆ ಸೇರಿದ್ದು. ಜೋಡಿ ಫಿಲ್ಮ್ ನನ್ನ ಕಪಾಟಿನಲ್ಲಿದೆ. ನೀವು ಕೇಳಿದರೆ ಬೆಳಕಿನ ಪೆಟ್ಟಿಗೆಯ ಮೇಲೆ ಹಾಕಿ ತೋರಿಸುತ್ತೇನೆ. ಕೇಳದಿದ್ದರೆ ತೋರಿಸುವುದಿಲ್ಲ. ಅವಳಿಗೆ ಯಾವ ನಿಯಮವೋ ನಿಮಗೂ ಅದೇ ಎಂದು ತೀರ್ಮಾನಿಸಿದ್ದೇನೆ.